ಎಂಟು ಗಂಟೆಯ ಅಮ್ಮ

ಜುಲೈ ೭, ಭಾನುವಾರ

ಅಮ್ಮ,

ಇಲ್ಲಿ ಭಾನುವಾರ ಯಾರೂ ಕಾಗದ ಬರೆಯುವುದಿಲ್ಲ. ಸ್ಕೂಲ್ ಹಾಸ್ಟೆಲಿನಲ್ಲಿ ವಾರ್ಡನ್ ಕೋಲು ಹಿಡಿದು ಬರೆಸುತ್ತಿದ್ದರು. ಕಾಲೇಜು ಹಾಸ್ಟೆಲಿನಲ್ಲಿ ಕೋಲು ಇಲ್ಲ, ಆದರೆ ಹನ್ನೆರಡು ವರ್ಷದ ಅಭ್ಯಾಸ, ತಿಂಡಿ ಮುಗಿದ ಕೂಡಲೇ ಕೈ ತಾನೇ ಪೆನ್ನು ಹುಡುಕುತ್ತದೆ. "ಏನೇ, ನಿಮ್ಮಮ್ಮನಿಗೆ ಫೋನ್ ಇಲ್ವಾ?" ಅಂತ ರೂಮ್‌ಮೇಟ್ ನಗುತ್ತಾಳೆ. ಇದೆ, ಆದರೆ ಅದು ಇಲಾಖೆಯ ಹಾಜರಿ ಒತ್ತುವುದಕ್ಕೆ ಮಾತ್ರ ಬದುಕಿದೆ ಅಂದೆ.

ಮೊದಲ ದಿನ ಎಲ್ಲರೂ ಎದ್ದು ನಿಂತು ತಮ್ಮ ಪರಿಚಯ ಹೇಳಬೇಕಿತ್ತು. ನಾನು ಎರಡು ಪೀರಿಯಡ್ ಪೂರ್ತಿ ಮನಸ್ಸಿನಲ್ಲೇ ಪ್ರಾಕ್ಟೀಸ್ ಮಾಡಿ, ಕೊನೆಗೆ ನನ್ನ ಸರದಿ ಬಂದಾಗ "ಅಮ್ಮ ಸರ್ಕಾರಿ ಕೆಲಸ" ಅಂತ ಹೇಳಿ ಕೂತುಬಿಟ್ಟೆ. ಮನೆ ಮನೆಗೆ ಹೋಗಿ ಆರೈಕೆ ಮಾಡುತ್ತಾರೆ ಅಂತ ಹೇಳಲಿಲ್ಲ. ಯಾಕೆ ಅಂತ ಕೇಳಬೇಡ.

ಸಮಾಜಕಾರ್ಯದ ಮೇಡಂ ಹೇಳಿದ್ದು: "ನೀತಿ ಅನ್ನೋದು ದಪ್ಪ ಪುಸ್ತಕದಲ್ಲಿ ಇರಲ್ಲ, ಒಂದು ಹಾಳೆಯ ಫಾರ್ಮಿನಲ್ಲಿ ಇರುತ್ತೆ." ಯಾವುದಾದರೂ ಒಂದು ಸರ್ಕಾರಿ ಫಾರ್ಮ್ ತೆಗೆದುಕೊಂಡು, ಅದು ಒಂದು ಮನೆಯೊಳಗೆ ಹೋಗಿ ಏನು ಮಾಡುತ್ತದೆ ಅಂತ ಬರೆಯಬೇಕು. ಮೊದಲ ಅಸೈನ್‌ಮೆಂಟ್. ನಿಮ್ಮ ಇಲಾಖೆಯ ಫಾರ್ಮ್ ಬಗ್ಗೆ ಬರೆದು ಕಳಿಸುತ್ತೀಯಾ? ಬೇಕಾದರೆ ನೀನು ದಿನಾ ಆರೈಕೆಗೆ ಹೋಗುವ ಆ ಹುಡುಗಿಯ ಮನೆಯದ್ದೇ ಬರೆ. ಅವಳ ವಿಷಯ ಬಂದರೆ ನಿನ್ನ ಕೈಬರಹ ಕೂಡ ದುಂಡಗಾಗುತ್ತದೆ.

ಆಗಸ್ಟ್ ೧೭ ಶನಿವಾರ ಪೋಷಕರ ದಿನ. ಸುಮ್ಮನೆ ತಿಳಿಸಿದೆ, ಅಷ್ಟೇ.

ನಿನ್ನ ಮಗಳು


ಜುಲೈ ೧೨

ಮಗಳೇ,

ಕಾಗದ ಬಂತು. ಅಕ್ಷರ ಇರುವೆ ಸಾಲಿನ ಹಾಗಿದೆ. ಅಲ್ಲಿ ಬೆಳಕು ಸಾಲದೇ ಹೋದರೆ ಕಿಟಕಿ ಪಕ್ಕ ಕೂತು ಬರಿ.

ಫಾರ್ಮ್ ಅಂದರೆ ಏನು ಮಹಾ. ಹನ್ನೆರಡು ಪ್ರಶ್ನೆ. ತಾನೇ ಎದ್ದು ಕೂರುವುದು, ತಾನೇ ಉಣ್ಣುವುದು, ತಾನೇ ಬಟ್ಟೆ ತೊಡುವುದು, ಹೀಗೆ. ಒಂದೊಂದರ ಮುಂದೂ ಎರಡು ಚೌಕ: ಆಗುತ್ತದೆ, ಆಗುವುದಿಲ್ಲ. ಮೂರು ತಿಂಗಳಿಗೊಮ್ಮೆ ನಾನೇ ಟಿಕ್ ಹಾಕಿ ಕೊಡಬೇಕು. ಏಳು 'ಆಗುವುದಿಲ್ಲ' ಇದ್ದರೆ ಆ ಮನೆಗೆ ದಿನಕ್ಕೆ ನಾಲ್ಕು ಗಂಟೆ. ಆರಕ್ಕೆ ಇಳಿಯಿತೋ, ಒಂದೇ ಗಂಟೆ. ನಡುವೆ ಏನೂ ಇಲ್ಲ.

ಜೀರುಂಡೆಗೆ ಸರಿಯಾಗಿ ಏಳು. (ಹೆಸರು ನಾನೇ ಇಟ್ಟಿದ್ದು, ಒಂದು ನಿಮಿಷ ಬಾಯಿ ಮುಚ್ಚಲ್ಲ.) ಹನ್ನೊಂದು ವರ್ಷ, ಹುಟ್ಟಿನಿಂದ ಕಾಲಿಗೂ ಬಲಗೈಗೂ ಬಲ ಇಲ್ಲ. ಅವಳ ಅಮ್ಮ ಎಂಟಕ್ಕೆ ಪ್ಯಾಕಿಂಗ್ ಕಾರ್ಖಾನೆಗೆ ಹೊರಡುವ ಹೊತ್ತಿಗೆ ನಾನು ಹೋಗುತ್ತೇನೆ. ಸ್ನಾನ, ಊಟ, ಕೈಕಾಲಿನ ವ್ಯಾಯಾಮ. ಹನ್ನೆರಡಕ್ಕೆ ಹೊತ್ತುಕೊಂಡು ಮೂರು ಮಹಡಿ ಇಳಿಸಿ ಶಾಲೆಯ ವ್ಯಾನಿಗೆ ಹತ್ತಿಸುತ್ತೇನೆ. ಲಿಫ್ಟ್ ಇದೆ ಅಂತ ಬೋರ್ಡು ಇದೆ, ಲಿಫ್ಟ್ ಇಲ್ಲ. ನನ್ನನ್ನು ಅವಳು ಏನಂತ ಕರೆಯುತ್ತಾಳೆ ಗೊತ್ತಾ? ಎಂಟು ಗಂಟೆ ಅಮ್ಮ! ಮನೆಯಲ್ಲಿ ಇನ್ನೊಬ್ಬಳು ಅಮ್ಮ ಇದ್ದಾಳಲ್ಲ, ಗೊಂದಲ ಆಗಬಾರದಂತೆ.

ಈಗ ಮುಖ್ಯ ಸುದ್ದಿ ಕೇಳು. ಸೋಮವಾರ ಹಳದಿ ಅಂಗಿಯ ಏಳು ಗುಂಡಿಯನ್ನೂ ಅವಳೇ ಹಾಕಿಕೊಂಡಳು! ಎಂಟು ತಿಂಗಳ ಕಸರತ್ತು. ನಾನು ಮಂಡಿಯೂರಿ ಎದುರಿಗೆ ಕೂತು ಉಸಿರು ಹಿಡಿದಿದ್ದೆ. ಕೊನೇ ಗುಂಡಿ ಕೂತಾಗ ಇಬ್ಬರೂ ಕಿರುಚಿದ್ದು ಕೇಳಿ ಕೆಳಗಿನ ಮನೆಯ ಟೈಲರಮ್ಮ "ಕಳ್ಳ ಬಂದನಾ?" ಅಂತ ಓಡಿ ಬಂದಳು.

ಫಾರ್ಮಿನಲ್ಲಿ ಮಾತ್ರ 'ಆಗುವುದಿಲ್ಲ' ಅಂತಲೇ ಹಾಕಿದೆ. ನಾನು ಎದುರಿಗೆ ಕೂತಿದ್ದಕ್ಕೆ ಅವಳಿಗೆ ಆಯಿತು. ಆಗುತ್ತದೆ ಅಂತ ಬರೆದರೆ ನಾಲ್ಕು ಗಂಟೆ ಹೋಗುತ್ತದೆ, ನಾಲ್ಕು ಗಂಟೆ ಹೋದರೆ ಗುಂಡಿಯೂ ಹೋಗುತ್ತದೆ. ಇದು ನಮ್ಮಿಬ್ಬರಲ್ಲೇ ಇರಲಿ.

ಪೋಷಕರ ದಿನ ನೋಡೋಣ.

ಅಮ್ಮ


ಜುಲೈ ೨೧, ಭಾನುವಾರ

ಅಮ್ಮ,

ಫಾರ್ಮ್ ಬಗ್ಗೆ ಬರೆದದ್ದಕ್ಕೆ ಥ್ಯಾಂಕ್ಸ್. ತುಂಬಾ ಯೂಸ್ ಆಯಿತು.

ನಿನ್ನ ಕಾಗದದಲ್ಲಿ ಎಷ್ಟು ಸಾಲು ಅವಳಿಗೆ, ಎಷ್ಟು ನನಗೆ ಅಂತ ಎಣಿಸಿದೆ. ಎಣಿಸಬಾರದಿತ್ತು. ನಿದ್ದೆ ಬಾರದವರು ಕುರಿ ಎಣಿಸುತ್ತಾರಂತೆ, ನಾನು ನಿನ್ನ ಸಾಲು ಎಣಿಸುತ್ತೇನೆ.

ಒಂದು ಡೌಟು. ನನಗೆ ಗುಂಡಿ ಹಾಕೋಕೆ ಕಲಿಸಿದ್ದು ಯಾರು? ನನಗೆ ನೆನಪಿಲ್ಲ, ನಿನಗಂತೂ ನೆನಪಿರುವುದಕ್ಕೆ ಸಾಧ್ಯವೇ ಇಲ್ಲ. ಒಂದನೇ ಕ್ಲಾಸಿನಲ್ಲಿ ಎಲ್ಲರ ಯೂನಿಫಾರ್ಮಿಗೂ ನಿಜವಾದ ಗುಂಡಿ ಇತ್ತು, ನನ್ನದಕ್ಕೆ ಮಾತ್ರ ಮೇಲೆ ತೋರಿಕೆಗೆ ಗುಂಡಿ, ಒಳಗೆ ಟಿಚ್ ಬಟನ್. ಬಿಚ್ಚುವಾಗ ಟಕ್ ಟಕ್ ಅಂತ ಸದ್ದು. "ಟಿಚ್ ಬಂದ್ಲು ಟಿಚ್" ಅಂತ ಇಡೀ ಡಾರ್ಮಿಟರಿ ನಗುತ್ತಿತ್ತು. ಅಮ್ಮನಿಗೆ ಗುಂಡಿಯ ಕಾಜಾ ಹೊಲಿಯೋಕೆ ಪುರುಸೊತ್ತು ಇರಲಿಲ್ಲ ಅಂದುಕೊಂಡು ಸುಮ್ಮನಿದ್ದೆ. ಈಗಲೂ ಹಾಗೇ ಅಂದುಕೊಂಡಿದ್ದೇನೆ.

ಅವಳಿಗೆ ಜೀರುಂಡೆ ಅಂತ ಹೆಸರಿಟ್ಟಿದ್ದೀಯ. ನನಗೆ ಇದ್ದದ್ದು ಹಾಸ್ಟೆಲ್ ನಂಬರ್, ನಲವತ್ತೊಂದು. ಟವೆಲ್ ಮೇಲೆ, ತಟ್ಟೆ ಮೇಲೆ, ಚಪ್ಪಲಿ ಮೇಲೆ. ಅವಳಿಗೆ ನೀನು ಎಂಟು ಗಂಟೆ ಅಮ್ಮ. ನನಗೆ ರಜಾ ಅಮ್ಮ. ವರ್ಷಕ್ಕೆರಡು ಸಲ.

ಸಾರಿ, ಇದನ್ನೆಲ್ಲ ಹೊಡೆದುಹಾಕಬೇಕು ಅಂದುಕೊಂಡೆ. ನೀಟಾಗಿ ಕಾಣಲ್ಲ ಅಂತ ಬಿಟ್ಟೆ. ಅಸೈನ್‌ಮೆಂಟ್ ನಾಳೆ ಕೊಡಬೇಕು.

ನಂ. ೪೧


ಆಗಸ್ಟ್ ೯

ಮಗಳೇ,

ನಿನ್ನ ಕಾಗದ ಓದಿದರೆ ನಿನಗೆ ಹೊಟ್ಟೆ ಸರಿ ಇಲ್ಲ ಅನ್ನಿಸಿತು. ನಿದ್ದೆ ಇಲ್ಲ ಅಂತ ಬೇರೆ ಬರೆದಿದ್ದೀಯ. ಹಾಸ್ಟೆಲಿನ ಎಣ್ಣೆ ಪದಾರ್ಥ ಮುಟ್ಟಬೇಡ, ಬಿಸಿನೀರು ಕುಡಿ. ನೀಲಿ ಸ್ವೆಟರ್ ಕಳಿಸಿದ್ದೇನೆ.

ಹದಿನೇಳಕ್ಕೆ ಬರಲು ಆಗುತ್ತಿಲ್ಲ. ಮೊದಲು ಬದಲಿ ಕಾರ್ಯಕರ್ತೆ ಅಂತ ಒಬ್ಬಳು ಇರುತ್ತಿದ್ದಳು, ಹೋದ ವರ್ಷ ಆ ಹುದ್ದೆಯನ್ನೇ ತೆಗೆದರು. ನಾನು ರಜೆ ಹಾಕಿದರೆ ಜೀರುಂಡೆಯ ಅಮ್ಮ ಕೆಲಸಕ್ಕೆ ಹೋಗುವ ಹಾಗಿಲ್ಲ, ಈ ತಿಂಗಳು ಆಗಲೇ ಎರಡು ದಿನ ತಪ್ಪಿಸಿದ್ದಾಳೆ. ಮೂರನೆಯದಾದರೆ ಗೇಟಿನಿಂದ ಆಚೆ. ನೀನು ಜಾಣೆ, ಅರ್ಥ ಮಾಡಿಕೊಳ್ಳುತ್ತೀಯ. ನಿನ್ನ ಬಗ್ಗೆ ನನಗೆ ಯಾವತ್ತೂ ಚಿಂತೆಯೇ ಇರಲಿಲ್ಲ.

ಟಿಚ್ ಬಟನ್ ವಿಷಯ ಬರೆದಿದ್ದೀಯ. ಅದನ್ನು ಮುಖ ನೋಡಿಯೇ ಹೇಳಬೇಕು, ಕಾಗದದಲ್ಲಿ ಬೇಡ.

ಜೀರುಂಡೆ ನಿನಗೊಂದು ಚಿತ್ರ ಬರೆದಿದ್ದಾಳೆ, ಒಳಗಿಟ್ಟಿದ್ದೇನೆ. ಅದು ನೀನಂತೆ. ತಲೆ ಸ್ವಲ್ಪ ದೊಡ್ಡದಾಗಿದೆ, ಕಾಲೇಜು ಓದುವವರಿಗೆ ಹಾಗೇ ಇರುತ್ತದೆ ಅಂತಾಳೆ.

ಅಮ್ಮ


ಆಗಸ್ಟ್ ೧೮, ಭಾನುವಾರ

ಅಮ್ಮ,

ಪೋಷಕರ ದಿನ ಮುಗಿಯಿತು. ರೂಮ್‌ಮೇಟಿನ ಅಮ್ಮ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. ಪಾಪ, ಒಳ್ಳೆಯವರು. ಅದೇ ಕಷ್ಟವಾಗಿದ್ದು.

ಸ್ವೆಟರ್ ಬಂತು. ಇಲ್ಲಿ ಸೆಕೆ.

ಅಸೈನ್‌ಮೆಂಟಿಗೆ ಕ್ಲಾಸಿಗೇ ಫಸ್ಟ್ ಮಾರ್ಕ್ಸ್. ಮೇಡಂ ಒಂದು ಕಾಪಿ ಇಟ್ಟುಕೊಳ್ಳಲಾ ಅಂತ ಕೇಳಿದರು. ನಿಮ್ಮ ಇಲಾಖೆಯ ಪರಿಶೀಲನಾ ಸಮಿತಿಯಲ್ಲಿ ಅವರೂ ಇದ್ದಾರಂತೆ. ಹೂಂ ಅಂದೆ.

ಚಿತ್ರ ಎಲ್ಲೋ ಇಟ್ಟಿದ್ದೇನೆ, ಸಿಗುತ್ತಿಲ್ಲ.


ಸೆಪ್ಟೆಂಬರ್ ೧೧

ಮಗಳೇ,

ತಡವಾಯಿತು. ಇಲ್ಲಿ ಒಂದು ಅನಾಹುತ ಆಗಿದೆ.

ಹೋದ ಮಂಗಳವಾರ ಹತ್ತು ಗಂಟೆಗೆ ಇಬ್ಬರು ಬಂದರು, ಇಲಾಖೆಯ ತಪಾಸಣೆಯಂತೆ. ನೀರು ಕೂಡ ಬೇಡ ಅಂದರು. ಬಂದವರೇ ಜೀರುಂಡೆಯ ಹತ್ತಿರ ಹೋಗಿ ಎಷ್ಟು ಮುದ್ದಾಗಿ, "ಪುಟ್ಟಿ, ನಿನ್ನ ಹಳದಿ ಅಂಗಿ ಎಲ್ಲಿ? ಗುಂಡಿ ನೀನೇ ಹಾಕ್ಕೋತೀಯಂತೆ, ತೋರಿಸು" ಅಂದರು. ಹಳದಿ ಅಂಗಿ ಅಂತ ಅವರಿಗೆ ಹೇಗೆ ಗೊತ್ತು? ಅವಳಿಗೆ ಅದಕ್ಕಿಂತ ಸಂತೋಷ ಬೇಕಾ? ನಾಲಿಗೆ ಕಚ್ಚಿಕೊಂಡು ಒಂದೊಂದೇ ಹಾಕಿದಳು. ನಡುನಡುವೆ ನನ್ನ ಮುಖ ನೋಡುತ್ತಿದ್ದಳು, ಈಗ ಕಿರುಚಬೇಕಾ ಅಂತ. ಏಳೂ ಹಾಕಿದಳು. ಬಂದವರು ಚಪ್ಪಾಳೆ ತಟ್ಟಿ, ಬರೆದುಕೊಂಡು ಹೋದರು.

ನಾಲ್ಕು ಗಂಟೆ ಒಂದಾಯಿತು. ಸುಳ್ಳು ಟಿಕ್ ಹಾಕಿದ್ದಕ್ಕೆ ನನಗೆ ನೋಟಿಸು.

ಬಾಯಿ ಬಿಟ್ಟಿದ್ದು ಟೈಲರಮ್ಮನೇ. ಆ ದಿನ ಮೇಲೆ ಬಂದು ನೋಡಿದವಳು ಅವಳೊಬ್ಬಳೇ ತಾನೇ. ಮಾತು ಬಿಟ್ಟಿದ್ದೇನೆ. "ಅಕ್ಕಾ, ನಾನಲ್ಲ" ಅಂತ ಅಳುತ್ತಾಳೆ. ಮೊಸಳೆ ಕಣ್ಣೀರು.

ಒಂಬತ್ತು ಗಂಟೆಗೆಲ್ಲ ಕೆಲಸ ಮುಗಿಯುತ್ತದೆ. ನಿನ್ನನ್ನು ನೋಡಲು ಬರುತ್ತೇನೆ. ಶನಿವಾರ ೨೧ಕ್ಕೆ.

ಅಮ್ಮ


ಸೆಪ್ಟೆಂಬರ್ ೧೫, ಭಾನುವಾರ

ಅಮ್ಮ,

ಬಾ. ಖಂಡಿತ ಬಾ. ಗೆಸ್ಟ್ ಪಾಸ್ ಮಾಡಿಸಿದ್ದೇನೆ. ಲೈಬ್ರರಿ ತೋರಿಸುತ್ತೇನೆ, ಆಮೇಲೆ ಕೆರೆಯ ಪಕ್ಕ ಒಂದು ಬೆಂಚ್ ಇದೆ, ಅಲ್ಲಿ ನನ್ನ ಬಿಟ್ಟು ಇನ್ಯಾರೂ ಕೂರಲ್ಲ. ಮೂರು ದಿನ ಇರುವ ಹಾಗೆ ಬಾ. ಯಾರ ವಿಷಯವೂ ಮಾತಾಡುವುದು ಬೇಡ, ನಮ್ಮಿಬ್ಬರದೇ ಮಾತಾಡೋಣ.

ಟೈಲರಮ್ಮನ ಜೊತೆ ಜಗಳ ಬೇಡ. ಯಾರು ಹೇಳಿದರೋ, ಏನೋ.

ಬೇಗ ಬಾ.


ಸೆಪ್ಟೆಂಬರ್ ೨೪

ಮಗಳೇ,

ನೀನು ಗೇಟಿನಲ್ಲಿ ಕಾದಿರುತ್ತೀಯ ಅಂತ ಗೊತ್ತಿತ್ತು. ಬಸ್ ಸ್ಟ್ಯಾಂಡಿನವರೆಗೂ ಹೋಗಿದ್ದೆ. ಹತ್ತಲಾಗಲಿಲ್ಲ.

ಈಗ ಹನ್ನೆರಡಕ್ಕೆ ಜೀರುಂಡೆಯನ್ನು ಇಳಿಸುವವರು ಯಾರೂ ಇಲ್ಲ. ವ್ಯಾನು ಮೂರು ದಿನ ಹಾರ್ನ್ ಹೊಡೆಯಿತು, ನಾಲ್ಕನೇ ದಿನ ಬರಲಿಲ್ಲ. ಶಾಲೆ ನಿಂತಿತು. ಅವಳ ಅಮ್ಮ ಪಕ್ಕದಲ್ಲಿ ನೀರಿನ ಬಾಟಲಿ ಇಟ್ಟು, ಹೊರಗಿನಿಂದ ಬೀಗ ಹಾಕಿ ಹೋಗುತ್ತಾಳೆ. ಅವಳನ್ನು ಬೈಯಬೇಡ, ಬೇರೆ ದಾರಿ ಇಲ್ಲ. ಸಮಯ ಮೀರಿ ಆ ಮನೆಗೆ ಕಾಲಿಟ್ಟರೆ ಕೆಲಸದಿಂದ ತೆಗೆಯುತ್ತೇವೆ ಅಂತ ನನಗೆ ಬರೆದು ಕೊಟ್ಟಿದ್ದಾರೆ. ಅದಕ್ಕೇ ರಸ್ತೆಯಲ್ಲಿ ನಿಲ್ಲುತ್ತೇನೆ, ಅವಳು ಮಂಚದ ಪಕ್ಕದ ಕಿಟಕಿಯಿಂದ ಮಾತಾಡುತ್ತಾಳೆ. ಕೂಗಿ ಕೂಗಿ ಗಂಟಲು ಕಟ್ಟಿದೆ. ಜೀರುಂಡೆಗೇ ಗಂಟಲು ಕಟ್ಟಿದೆ ಅಂದರೆ ನೋಡು.

ನಿನ್ನೆ ಕೇಳಿದಳು: "ನಾನು ಗುಂಡಿ ಹಾಕಿದ್ದು ತಪ್ಪಾಯ್ತಾ? ಇನ್ಮೇಲೆ ಹಾಕಲ್ಲ, ನೀನು ವಾಪಸ್ ಬರ್ತೀಯಾ?"

ಕಲಿಸಿದ ಬಾಯಲ್ಲೇ ಮರೆತುಬಿಡು ಅಂತ ಹೇಳುವುದು ಹೇಗೆ?

ಅಮ್ಮ


ಸೆಪ್ಟೆಂಬರ್ ೨೯, ಭಾನುವಾರ

ಅಮ್ಮ,

ಟೈಲರಮ್ಮ ಅಲ್ಲ. ನಾನು.

ಅಸೈನ್‌ಮೆಂಟಿನಲ್ಲಿ ನಿನ್ನ ಕಾಗದವನ್ನೇ ಬರೆದೆ. ಹೆಸರು ಹಾಕಿರಲಿಲ್ಲ, ಆದರೆ ಹಳದಿ ಅಂಗಿ, ಏಳು ಗುಂಡಿ, ಮೂರನೇ ಮಹಡಿ, ಲಿಫ್ಟ್ ಇಲ್ಲದ ಲಿಫ್ಟ್ ಬೋರ್ಡು, ಪ್ಯಾಕಿಂಗ್ ಕಾರ್ಖಾನೆ, ಎಲ್ಲಾ ಹಾಕಿದ್ದೆ. ಡೀಟೇಲ್ ಇದ್ದರೆ ಮಾರ್ಕ್ಸ್ ಬರುತ್ತದೆ. ಮೇಡಂ ಅದನ್ನು ಫಾರ್ಮ್ ಬದಲಾಯಿಸಿ ಅಂತ ವಾದ ಮಾಡಲು ಸಮಿತಿಗೆ ಕೊಟ್ಟರು. ಸಮಿತಿಯವರು ಫಾರ್ಮ್ ಬಿಟ್ಟು ನಿನ್ನನ್ನು ಹಿಡಿದರು. ಸೆಪ್ಟೆಂಬರ್ ಹನ್ನೊಂದರ ಕಾಗದ ಓದಿದಾಗಲೇ ಗೊತ್ತಾಯಿತು. ಆದರೂ ಬಾ ಅಂತ ಬರೆದೆ.

ಇಷ್ಟೇ ಆಗಿದ್ದರೆ ತಿಳಿಯದೆ ಆಯಿತು ಅನ್ನಬಹುದಿತ್ತು. ಕೊನೆಯ ಪ್ಯಾರಾದಲ್ಲಿ ಒಂದು ಸಾಲು ಇದೆ: "ಈ ಮನೆಯಲ್ಲಿ ಸೇವೆ ಅಗತ್ಯಕ್ಕಿಂತ ಹೆಚ್ಚಾಗಿದೆ, ಕಾರ್ಯಕರ್ತೆಗೆ ಮಗುವಿನ ಮೇಲೆ ಅತಿಯಾದ ಮೋಹ ಇದೆ." ಅದನ್ನು ಯಾರೂ ಕೇಳಿರಲಿಲ್ಲ. ಮೇಡಂ ಅದರ ಕೆಳಗೆ ಗೆರೆ ಎಳೆದು 'ಆಧಾರ ಏನು?' ಅಂತ ಬರೆದಿದ್ದರು. ಆಧಾರ ನನ್ನ ಹೊಟ್ಟೆಕಿಚ್ಚು ಅಮ್ಮ. ನನಗೆ ಸಿಗದ ನಾಲ್ಕು ಗಂಟೆ ಅವಳಿಗೂ ಸಿಗದೇ ಇರಲಿ ಅಂತ ಬರೆದೆ. ಬರೆಯುವಾಗ ಹಾಯ್ ಅನ್ನಿಸಿತ್ತು.

ಇವತ್ತು ಸಮಿತಿಗೂ ಬರೆದಿದ್ದೇನೆ. ಆ ಕಾರ್ಯಕರ್ತೆ ನನ್ನ ತಾಯಿ, ಆ ಸಾಲು ಸುಳ್ಳು, ಮಗು ಗುಂಡಿ ಹಾಕುವುದು ಪಕ್ಕದಲ್ಲಿ ಒಬ್ಬರು ಇದ್ದರೆ ಮಾತ್ರ ಅಂತ. ಮೇಡಂ ನನ್ನ ಮಾರ್ಕ್ಸ್ ತೆಗೆದುಹಾಕಿ, ಅಪೀಲು ಅರ್ಜಿ ಹೇಗೆ ಬರೆಯಬೇಕು ಅಂತ ಕೂರಿಸಿ ಹೇಳಿಕೊಟ್ಟರು. ಅರ್ಜಿ ಇದರ ಜೊತೆ ಇದೆ. ಜೀರುಂಡೆಯ ಅಮ್ಮ ಸಹಿ ಹಾಕಬೇಕು.

ಬೈದಾದರೂ ಬರಿ.


ಅಕ್ಟೋಬರ್ ೬, ಭಾನುವಾರ

ಅಮ್ಮ, ಈ ವಾರ ಕಾಗದ ಬರಲಿಲ್ಲ. ಪೋಸ್ಟ್ ತಡ ಇರಬಹುದು.


ಅಕ್ಟೋಬರ್ ೧೩, ಭಾನುವಾರ

ಅಮ್ಮ, ಪೋಸ್ಟ್ ತಡ ಇಲ್ಲ, ರೂಮ್‌ಮೇಟಿಗೆ ಮೂರು ಬಂತು. ಅವಳ ಅಮ್ಮನಿಗೂ ಈಗ ಕಾಗದದ ಹುಚ್ಚು ಹತ್ತಿದೆ, ನನ್ನಿಂದಲೇ.

ಚಿತ್ರ ಕಳೆದಿಲ್ಲ. ಡಿಕ್ಷನರಿಯಲ್ಲಿ ಇಟ್ಟಿದ್ದೆ. ತಲೆ ನಿಜಕ್ಕೂ ದೊಡ್ಡದಾಗಿದೆ.


ಅಕ್ಟೋಬರ್ ೧೯

ಮಗಳೇ,

ನಿನ್ನ ಕಾಗದ ಓದಿದ ದಿನ ಮೊದಲು ಟೈಲರಮ್ಮನ ಮನೆಗೆ ಹೋದೆ. ಕೈ ಹಿಡಿದು ಕ್ಷಮಿಸು ಅಂದೆ. "ನಿಮ್ಮ ಕ್ಷಮೆ ನೀವೇ ಇಟ್ಕೊಳ್ಳಿ, ಕೂತು ಕಾಫಿ ಕುಡೀರಿ" ಅಂದಳು. ನಿನಗೆ ಬರೆಯಲು ಆಗಲಿಲ್ಲ. ಬೈಗುಳ ಬರೆದು ಮೂರು ಹಾಳೆ ಹರಿದೆ. ಕೋಪ ಇನ್ನೂ ಇದೆ. ಇರಲಿ, ಅದಕ್ಕೂ ಸ್ವಲ್ಪ ಟೈಮ್ ಕೊಡು.

ಟಿಚ್ ಬಟನ್ ವಿಷಯ ಎದುರಿಗೆ ಹೇಳೋಣ ಅಂದಿದ್ದೆನಲ್ಲ, ಈಗಲೇ ಹೇಳುತ್ತೇನೆ. ನಿನ್ನ ಅಪ್ಪ ತೀರಿಕೊಂಡ ವರ್ಷ ನನಗೆ ಈ ಕೆಲಸದ ಆರ್ಡರ್ ಬಂತು. ಅದೇ ಕವರಿನಲ್ಲಿ ನಿನ್ನ ಹಾಸ್ಟೆಲ್ ಸೀಟಿನ ಫಾರ್ಮು. ಒಂಟಿ ತಾಯಿ ಕೆಲಸಕ್ಕೆ ಸೇರಬೇಕಾದರೆ ಮಗು ಹಾಸ್ಟೆಲಿನಲ್ಲಿ ಇರಬೇಕು ಅಂತ ನಿಯಮ. ಅದೂ ಹೀಗೇ ಎರಡು ಚೌಕದ ಫಾರ್ಮು. ಸ್ನಾನ, ಊಟ, ಗುಂಡಿ, ಎಲ್ಲಾ ತಾನೇ ಮಾಡಿಕೊಂಡರೆ ಮಾತ್ರ ಸೀಟು. ನಿನಗೆ ಆರು ವರ್ಷ. ಗುಂಡಿ ಬರುತ್ತಿರಲಿಲ್ಲ. ಒಂದು ತಿಂಗಳು ಕಲಿಸಿದೆ, ಬರಲಿಲ್ಲ, ನೀನು ಅಳುತ್ತಿದ್ದೆ. ಕೊನೆಗೆ 'ಆಗುತ್ತದೆ' ಅಂತ ಟಿಕ್ ಹಾಕಿದೆ. ವಾರ್ಡನ್ ಪರೀಕ್ಷೆ ಮಾಡಿದರೆ ಸಿಕ್ಕಿಬೀಳಬಾರದು ಅಂತ ಕಾಜಾಗಳನ್ನು ಮುಚ್ಚಿ ಹೊಲಿದು, ಮೇಲೆ ಗುಂಡಿ ಕೂರಿಸಿ, ಒಳಗೆ ಟಿಚ್ ಬಟನ್ ಇಟ್ಟೆ. ಆರು ಅಂಗಿಗೆ ನಲವತ್ತೆರಡು. ಪುರುಸೊತ್ತು ಇರಲಿಲ್ಲವಂತೆ!

ಆಗದ ನಿನಗೆ ಆಗುತ್ತದೆ ಅಂತ ಬರೆದು ಕಳಿಸಿದೆ. ಆಗುವ ಅವಳಿಗೆ ಆಗುವುದಿಲ್ಲ ಅಂತ ಬರೆದು ಉಳಿಸಿಕೊಂಡೆ. ಮೊದಲ ರಜೆಯಲ್ಲಿ ನೀನು ಬಂದಾಗ ನಿಜವಾದ ಗುಂಡಿ ಸರಸರ ಹಾಕಿಕೊಂಡೆ. "ಯಾರೇ ಕಲಿಸಿದ್ದು?" ಅಂದೆ. "ವಾರ್ಡನ್ ಅಮ್ಮ" ಅಂದೆ ನೀನು. ಆ ಹೆಂಗಸಿನ ಮುಖವನ್ನೇ ನಾನು ಸರಿಯಾಗಿ ನೋಡಿರಲಿಲ್ಲ, ಆದರೂ ಅವಳನ್ನು ಎಷ್ಟು ಶಪಿಸಿದೆ ಗೊತ್ತಾ. ಹೊಟ್ಟೆಕಿಚ್ಚು ನಿನಗೆ ಎಲ್ಲಿಂದ ಬಂತು ಅಂತ ಬೇರೆ ಕಡೆ ಹುಡುಕಬೇಡ.

ಅಪೀಲು ಗುರುವಾರ ನಡೆಯಿತು. ಜೀರುಂಡೆಯನ್ನು ಹೊತ್ತುಕೊಂಡು ಹೋದೆವು. ಅಧಿಕಾರಿ ಕೇಳಿದರು, "ಆಗುತ್ತೋ, ಇಲ್ವೋ, ಒಂದು ಹೇಳಿ." ನಾನು ಪಕ್ಕ ಕೂತರೆ ಆಗುತ್ತೆ ಸಾರ್ ಅಂದೆ. "ಅದಕ್ಕೆ ಕಾಲಂ ಇಲ್ಲಮ್ಮ." ಆಗ ಜೀರುಂಡೆ, "ಸಾರ್, ನಿಮ್ಮ ಅಂಗಿ ಗುಂಡಿ ಒಂದು ಕಾಜಾ ಕೆಳಗೆ ಹೋಗಿದೆ. ನಿಮ್ಮ ಪಕ್ಕ ಯಾರೂ ಕೂತಿರಲಿಲ್ವಾ?" ಅಂದಳು. ನಿಜ, ಮೇಲಿನಿಂದ ಕೆಳಗೆ ಪೂರ್ತಿ ವಕ್ರ! ಗುಮಾಸ್ತ ಕೆಮ್ಮಿಕೊಂಡು ಆಚೆ ಹೋದ. ಅಧಿಕಾರಿ ನಗಲಿಲ್ಲ. ನೀನು ಸಮಿತಿಗೆ ಬರೆದ ಕಾಗದವನ್ನು ಇನ್ನೊಮ್ಮೆ ಓದಿ, ಎರಡು ಚೌಕದ ನಡುವೆ ಪೆನ್ನಿನಲ್ಲಿ ಏನೋ ಬರೆದರು.

ತೀರ್ಪು ಬರಬೇಕು.

ಅಮ್ಮ


ನವೆಂಬರ್ ೪

ಮಗಳೇ,

ನಾಲ್ಕು ಗಂಟೆ ವಾಪಸ್ ಬಂತು. ಬೀಗ ಹೋಯಿತು, ವ್ಯಾನು ಬಂತು. ಫಾರ್ಮ್ ಬದಲಾಗಿಲ್ಲ, ಅವಳೊಬ್ಬಳ ಹಾಳೆಯ ಮೇಲೆ ಮಾತ್ರ 'ಜೊತೆಗಿದ್ದರೆ ಆಗುತ್ತದೆ' ಅಂತ ಇದೆ. ಉಳಿದವರ ಗತಿ ನಿನ್ನ ಮೇಡಂ ನೋಡಿಕೊಳ್ಳಲಿ, ನೀನೂ ಓದಿ ನೋಡಿಕೋ.

ನನ್ನನ್ನು ಮಾತ್ರ ಆ ಮನೆಯಿಂದ ತೆಗೆದಿದ್ದಾರೆ. ಸುಳ್ಳು ಟಿಕ್‌ಗೆ ಅದೇ ಶಿಕ್ಷೆ. ಈಗ ಒಬ್ಬ ರಿಟೈರ್ಡ್ ಮೇಷ್ಟ್ರ ಮನೆಗೆ, ಹತ್ತು ಗಂಟೆಗೆ. ನಾನು ಹಾಸಿಗೆ ಸರಿಮಾಡಿದರೆ ಅದಕ್ಕೂ ತಪ್ಪು ತಿದ್ದುತ್ತಾರೆ.

ಜೀರುಂಡೆಗೆ ಹೊಸಬಳು ಬಂದಿದ್ದಾಳೆ. ಚಿಕ್ಕ ವಯಸ್ಸು, ಹಾಡು ಬೇರೆ ಹೇಳುತ್ತಾಳಂತೆ. ಟೈಲರಮ್ಮ ಹೇಳಿದಳು, ಮೊನ್ನೆ ಮೇಲಿನಿಂದ ಕಿರುಚಿದ ಸದ್ದು ಕೇಳಿತು, ಹೋಗಿ ನೋಡಿದರೆ ಜೀರುಂಡೆ ಜಡೆಗೆ ತಾನೇ ರಿಬ್ಬನ್ ಕಟ್ಟಿಕೊಂಡಿದ್ದಳಂತೆ. ನಾನು "ಒಳ್ಳೇದಾಯ್ತು" ಅಂದೆ. ಮನೆಗೆ ಬಂದು ಪಾತ್ರೆ ಕುಕ್ಕಿದೆ. ಹೊಟ್ಟೆ ಉರಿದುಹೋಯಿತು ಕಣೇ. ನೀನು ಹನ್ನೆರಡು ವರ್ಷ ಇದನ್ನು ಒಳಗಿಟ್ಟುಕೊಂಡು ಹೇಗೆ ಓದಿದೆ?

ದಿನಾ ಎಂಟಕ್ಕೆ ಚಪ್ಪಲಿ ಮೆಟ್ಟಿ ಬಾಗಿಲಿಗೆ ಬಂದುಬಿಡುತ್ತೇನೆ. ಆಮೇಲೆ ನೆನಪಾಗುತ್ತದೆ. ಹತ್ತರವರೆಗೆ ಏನು ಮಾಡಬೇಕು ತಿಳಿಯುವುದಿಲ್ಲ.

ಅಮ್ಮ


ನವೆಂಬರ್ ೧೦, ಭಾನುವಾರ

ಅಮ್ಮ,

ಸೆಮಿಸ್ಟರ್ ರಜೆ ೨೩ರಿಂದ. ಅಸೈನ್‌ಮೆಂಟ್ ಮತ್ತೆ ಬರೆಯಬೇಕು, ಫಾರ್ಮ್ ಬೇರೆ ಆರಿಸಿದ್ದೇನೆ: ಒಂಟಿ ತಾಯಂದಿರ ಮಕ್ಕಳ ಹಾಸ್ಟೆಲ್ ಸೀಟಿನದು. ಈ ಸಲ ನಿನ್ನನ್ನು ಕೇಳಿ, ನೀನು ಹೂಂ ಅಂದದ್ದನ್ನು ಮಾತ್ರ ಬರೆಯುತ್ತೇನೆ. ಒಂದು ಟಿಚ್ ಬಟನ್ ಅಂಗಿ ಉಳಿದಿದ್ದರೆ ಹುಡುಕಿಡು.

ಜೀರುಂಡೆಯನ್ನು ನೋಡಬೇಕು ಅಂತ ನನಗೆ ಇನ್ನೂ ಅನ್ನಿಸಿಲ್ಲ. ಸುಳ್ಳು ಹೇಳಲ್ಲ. ಆದರೆ ಅವಳಿಗೊಂದು ಚಿತ್ರ ಬರೆದಿದ್ದೇನೆ, ತಲೆ ಅವಳದೂ ದೊಡ್ಡದಾಗಿಯೇ ಬಂತು. ಟೈಲರಮ್ಮನ ಕೈಲಿ ಕೊಟ್ಟು ಕಳಿಸೋಣ.

ಬಸ್ಸು ಬೆಳಿಗ್ಗೆ ಎಂಟಕ್ಕೆ ಬರುತ್ತದೆ. ಬ್ಯಾಗು ಒಂದೇ, ಭಾರ ಇಲ್ಲ. ಸ್ಟ್ಯಾಂಡಿನಿಂದ ಮನೆಗೆ ದಾರಿ ಗೊತ್ತು, ಒಬ್ಬಳೇ ಬರೋಕೆ ನನಗೆ ಆಗುತ್ತದೆ.

ಆದರೂ ಬಾ.